ಸಂಜೆ ಆರಕ್ಕೆ ಮನೆಗೆ ಬರುವ ನಾಚಿಕೆ

ಪ್ರೀತಿಯ ಸರಸತ್ತೆ,

ನೀನು ಬ್ಯಾಂಕಿನಿಂದ ಮನೆಗೆ ಬರುತ್ತಿದ್ದ ಹೊತ್ತು ಇವತ್ತು ನೆನಪಾಯಿತು. ಕೈಯಲ್ಲಿ ಯಶವಂತಪುರ ಮಾರ್ಕೆಟ್ಟಿನ ಈರುಳ್ಳಿ ಚೀಲ, ಅಟ್ಟೂರಿನ ಬೀದಿಯಲ್ಲಿ ಇನ್ನೂ ಬೆಳಕು. ಮಾರ್ಚ್ ತಿಂಗಳು ಬಿಟ್ಟರೆ ನೀನು ತಡಮಾಡಿದ್ದೇ ಇಲ್ಲ. ಆದರೆ ನನ್ನ ವಿಷಯದಲ್ಲಿ ಮಾತ್ರ ತಡವೇ ನಿನಗೆ ಹೆಮ್ಮೆ. "ನಮ್ ಸುಧಾದು ನನ್ ಥರ ಕೌಂಟರ್ ಕೆಲ್ಸ ಅಲ್ಲ ಕಣ್ರೀ. ಕಂಪನಿಗಳ್ನೇ ಕೊಡ್ಸೋದು, ಮಾರ್ಸೋದು. ಅವ್ಳು ಮನೆಗ್ ಬರೋ ಹೊತ್ಗೆ ಬೀದಿ ನಾಯಿಗಳೂ ಮಲ್ಗಿರ್ತವೆ" ಎಂದು ಎದುರುಮನೆಯ ಲಲಿತಮ್ಮನಿಗೆ ಹೇಳುತ್ತಿದ್ದೆಯಲ್ಲ? ನನ್ನನ್ನು ಸಿ.ಎ. ಓದಿಸಿದವಳು ನೀನು. ಹೇಳಿಕೊಳ್ಳುವ ಹಕ್ಕು ನಿನಗಿತ್ತು.

ಅತ್ತೆ, ಆ ಕೆಲಸ ಬಿಟ್ಟೆ. ನೀನು ತೀರಿಹೋದ ಮರುವರ್ಷವೇ.

ಹೆಬ್ಬಾಳದ ಫ್ಲೈಓವರ್ ಹತ್ತಿರ ಒಂದು ಬೆಳಿಗ್ಗೆ ನನ್ನ ಕಾರು ಟ್ರಾಫಿಕ್ಕಿನಲ್ಲಿ ನಿಂತಿತ್ತು. ಹಿಂದಿನಿಂದ ಹಾರ್ನ್ ಕೇಳಿ ಕಣ್ಣು ಬಿಟ್ಟೆ. ಆಫೀಸಿಗೆ ಹೋಗುತ್ತಿದ್ದೆನೋ, ಆಫೀಸಿನಿಂದ ಬರುತ್ತಿದ್ದೆನೋ ಗೊತ್ತಾಗಲಿಲ್ಲ. ಆಟೋದವರೊಬ್ಬರು ಇಳಿದು ಬಂದು ಗಾಜು ತಟ್ಟಿದರು. "ಮೇಡಮ್, ಹುಷಾರಿಲ್ವಾ? ಸೈಡಿಗ್ ಹಾಕ್ಕೊಳ್ಳಿ ಮೊದ್ಲು." ಪಕ್ಕಕ್ಕೆ ಹಾಕಿ, ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ. ಆ ವಾರವೇ ರಾಜೀನಾಮೆ ಕೊಟ್ಟೆ. ಈಗ ಯಶವಂತಪುರದ ಒಂದು ಔಷಧ ಕಾರ್ಖಾನೆಯ ಹಣಕಾಸು ವಿಭಾಗದಲ್ಲಿದ್ದೇನೆ. ಸಂಜೆ ಐದೂವರೆಗೆ ಕೆಲಸ ಮುಗಿಯುತ್ತದೆ. ಭಾನುವಾರ ಯಾರೂ ಫೋನ್ ಮಾಡುವುದಿಲ್ಲ. ಸಂಬಳ ಅರ್ಧ. ಅದು ನನಗೆ ಭಾರವಾಗಲಿಲ್ಲ. ಭಾರವಾದದ್ದು ಬೇಗ ಮನೆಗೆ ಬರುವ ಆ ಸಂಜೆ.

ಹೊಸ ಕೆಲಸದ ಮೊದಲ ದಿನ ಬೇಗ ಬಂದಾಗ ಲಲಿತಮ್ಮ ಗೇಟಿನಲ್ಲೇ ಕೇಳಿದರು: "ಏನಮ್ಮಾ, ಇಷ್ಟ್ ಬೇಗ? ಕೆಲ್ಸ ಇದೆ ತಾನೆ?" ತಲೆನೋವು ಅಂದೆ. ಮರುದಿನದಿಂದ ಮನೆಗೆ ಬರುವ ಬದಲು ಕೆಂಪಾಪುರದ ದರ್ಶಿನಿ ಹೋಟೆಲೊಂದರಲ್ಲಿ ಕೂರತೊಡಗಿದೆ. ಒಂದು ಕಾಫಿ, ಇನ್ನೊಂದು ಕಾಫಿ, ಹೋಟೆಲಿನವರು ಮೇಜು ಒರೆಸಲು ಬಂದಾಗ ಎದ್ದು ಕಾರಿನಲ್ಲಿ. ಊಟದ ಹೊತ್ತು ಮೀರಿದ ಮೇಲೆ ಮನೆಗೆ. ಅಮ್ಮ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. "ಪಾಪ, ಎಷ್ಟ್ ದುಡೀತೀಯೇ" ಎಂದು ಬಡಿಸುತ್ತಿದ್ದಳು. ಆ ಅನ್ನ ಗಂಟಲಲ್ಲಿ ಹೇಗೆ ಇಳಿಯುತ್ತಿತ್ತು ಅಂತ... ಇಳಿಯುತ್ತಿತ್ತು ಅತ್ತೆ. ಅದೇ ನಾಚಿಕೆ.

ನಮ್ಮ ಸಿಂಚನಾ, ಅಣ್ಣನ ಮಗಳು, ನೀನು ಎತ್ತಿ ಆಡಿಸಿದವಳು, ಈ ವರ್ಷ ಎಂ.ಬಿ.ಎ. ಮುಗಿಸಿದಳು. ಎರಡು ಕಡೆ ಕೆಲಸ ಸಿಕ್ಕಿತು: ಒಂದು ಬ್ಯಾಂಕಿನ ಸಾಲ ವಿಭಾಗ, ಇನ್ನೊಂದು ನಾನು ಬಿಟ್ಟಂಥದ್ದೇ. ಒಂದು ಭಾನುವಾರ ಆರ್.ಟಿ. ನಗರದಿಂದ ಅಣ್ಣ ಅವಳನ್ನು ಕರೆದುಕೊಂಡು ಊಟಕ್ಕೆ ಬಂದ.

"ನಿನ್ ಥರದ್ ಕೆಲ್ಸಕ್ಕೆ ಸೇರೋಕೆ ನಂಗೆ ಭಯ ಆಗಿತ್ತು ಅತ್ತೆ," ಅಂದಳು ಸಿಂಚನಾ. "ಆಮೇಲೆ ನಿನ್ನ ನೋಡ್ದೆ. ಇಷ್ಟ್ ವರ್ಷದಿಂದ ಲೇಟಾಗೇ ಬರ್ತೀಯ, ಒಂದಿನಾನೂ ಗೊಣಗಿಲ್ಲ. ಹಂಗಾದ್ರೆ ತಡ್ಕೋಬೋದು, ಅಲ್ವಾ?"

ಅವಳು ಧೈರ್ಯ ತಂದುಕೊಂಡದ್ದು ನನ್ನ ಸುಳ್ಳು ನೋಡಿ. ಇನ್ನೇನು ಹೇಳಲಿ? ಎಲ್ಲವನ್ನೂ ಹೇಳಿದೆ, ದರ್ಶಿನಿಯ ಸಂಜೆಗಳನ್ನೂ.

ಅಣ್ಣ ಮಜ್ಜಿಗೆ ಲೋಟ ಕೆಳಗಿಟ್ಟ. "ಫ್ಯಾಕ್ಟ್ರಿ ಲೆಕ್ಕ ಬರಿಯೋಕೇನಾ ಅಷ್ಟು ಓದಿದ್ದು?" ಅದು ನಾನು ನಿರೀಕ್ಷಿಸಿದ್ದ ಮಾತೇ. ಅಮ್ಮನದು ನಿರೀಕ್ಷಿಸಿರಲಿಲ್ಲ. "ಅಷ್ಟ್ ಹೊತ್ತು ನೀನು ಇಲ್ಲೇ ಹತ್ರದಲ್ಲೇ ಕೂತಿದ್ದೆ. ಟಿ.ವಿ. ಹಾಕ್ಕೊಂಡು ನಾನೊಬ್ಳೇ ಕಾಯ್ತಿದ್ದೆ ಕಣೇ." ಅಷ್ಟೇ ಅಂದು ಎದ್ದು ಒಳಗೆ ಹೋದಳು. ನಾನು ಯಾರ ಕಣ್ಣು ತಪ್ಪಿಸಲು ಹೊರಟಿದ್ದೆ, ಯಾರನ್ನು ಒಂಟಿ ಮಾಡಿದೆ? ನೀನಿದ್ದಿದ್ದರೆ ಬೈಯುತ್ತಿದ್ದೆಯಾ? ಅಥವಾ ನಿನಗೂ ಮುಖ ಸಣ್ಣದಾಗುತ್ತಿತ್ತೇ? ಎರಡನೆಯದಕ್ಕೇ ನನಗೆ ಹೆದರಿಕೆ.

ಕೈ ತೊಳೆಯುವಾಗ ಸಿಂಚನಾ ಪಕ್ಕದಲ್ಲಿ ನಿಂತು, "ನಾನು ಆ ಕೆಲ್ಸಕ್ಕೇ ಸೇರ್ತೀನಿ ಅತ್ತೆ. ಈಗ ಗೊತ್ತಿದ್ದು ಸೇರ್ತೀನಿ" ಎಂದಳು. ತಡೆಯಬೇಕಿತ್ತೋ ಏನೋ. ನಿನ್ನೆ ಸೇರಿದಳು. ಕೊರಳಿಗೆ ಕಾರ್ಡು ಹಾಕಿಕೊಂಡು ಆಶೀರ್ವಾದ ಕೇಳಲು ಬಂದಾಗ, ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಬೇಡವೆಂದು ಬಿಟ್ಟು ಬಂದದ್ದರ ಮೇಲೆ ಇನ್ನೂ ಇಷ್ಟು ಆಸೆಯೇ? ತಲೆ ಮೇಲೆ ಕೈಯಿಟ್ಟೆ.

ಅವಳಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಅವಳು ಅಲ್ಲೇ ಗೆದ್ದರೆ ಸಂತೋಷ. ಸಾಕು ಅಂತ ಅವಳು ಯಾವತ್ತು ಫೋನ್ ಮಾಡಿದರೂ, ಯಾಕೆ ಅಂತ ಕೇಳದೆ ಹೋಗಿ ಕರೆದುಕೊಂಡು ಬರುತ್ತೇನೆ. ಹಾಡುಹಗಲಾದರೆ ಹಾಡುಹಗಲಲ್ಲೇ, ಎಲ್ಲರೂ ನೋಡುತ್ತಿರುವಾಗಲೇ.

ನಿನ್ನ
ಸುಧಾ