ಕಲ್ಲುಕೋಣೆಯ ಹೊಸ್ತಿಲಿಗೆ ಬಿಸಿಲು

ಶಿಡ್ಲಘಟ್ಟ
6-4-1957

ತಮ್ಮ ಚನ್ನಕೇಶವನಿಗೆ,

ಅಕ್ಕನ ಆಶೀರ್ವಾದ. ಕೋಪ ಎಷ್ಟಿದ್ದರೂ ಇದನ್ನು ಬರೆಯದೆ ಕಾಗದ ಶುರುಮಾಡಲು ಕೈ ಬರಲಿಲ್ಲ.

ಅಪ್ಪನ ಕಾಲದಿಂದಲೂ ಬೇಸಿಗೆ ಹತ್ತಿರವಾದರೆ ನಮ್ಮ ರೇಷ್ಮೆಹುಳುವಿನ ಮೊಟ್ಟೆಹಾಳೆಗಳು ಬೆಟ್ಟ ಹತ್ತುತ್ತಿದ್ದವು. ಮೇಲಿನ ನಮ್ಮ ಕಲ್ಲುಕೋಣೆಯ ತಂಪಿಗೆ ಮೊಟ್ಟೆ ತಡವಾಗಿ ಒಡೆಯುತ್ತಿತ್ತು; ಅಷ್ಟರಲ್ಲಿ ಕೆಳಗೆ ಹಿಪ್ಪುನೇರಳೆ ಚಿಗುರುತ್ತಿತ್ತು. ನಾನು ಲಂಗ ಉಡುವ ವಯಸ್ಸಿನಲ್ಲಿ ಒಳಗೆ ಕಾಲಿಟ್ಟರೆ ಹಲ್ಲು ಕಟಕಟ ಅನ್ನುತ್ತಿತ್ತು. ಚೈತ್ರದಲ್ಲೂ ಬಾಗಿಲ ಪಾಚಿ ಒಣಗುತ್ತಿರಲಿಲ್ಲ. ನೀನು ಮರೆತಿರಬಹುದು, ನಾನು ಮರೆತಿಲ್ಲ.

ಈ ಸಲ ಹಾಳೆ ಕೊಡುವಾಗ, ಮೊದಲಿನ ಚಳಿ ಇದೆಯೇನೋ ಎಂದು ಕೇಳಿದೆ. "ಬೆಟ್ಟದ ಚಳಿ ಎಲ್ಲಿಗೆ ಹೋಗ್ತದಕ್ಕಾ? ನಿನ್ನ ಮೊಟ್ಟೆ ಗೊರಕೆ ಹೊಡ್ಕೊಂಡು ಬಿದ್ದಿರ್ತವೆ, ಹೋಗಮ್ಮ" ಅಂದೆ. ನಕ್ಕು, ನಂಬಿ ಇಳಿದು ಬಂದೆ.

ಯುಗಾದಿ ಕಳೆದು ತರಲು ಹೋದರೆ ಹಾಳೆಯ ತುಂಬ ಒಣಗಿದ ಮರಿಗಳು. ಒಂದು ಎಲೆಯನ್ನೂ ಕಾಣದೆ ಸತ್ತಿದ್ದವು. ಹೊಸ್ತಿಲ ಮೇಲೆ ಬಿಸಿಲು! ತಲೆಯೆತ್ತಿದರೆ ಮರಗಳೇ ಇಲ್ಲ, ಬರೀ ಬುಡಗಳು. ಬೆಟ್ಟದಲ್ಲಿ ನೀನು ಕಾಯುವ ಬಂಗಲೆಯ ದೊರೆಗೆ ವರಾಂಡದಿಂದ ಊರು ಕಾಣಬೇಕಿತ್ತಂತೆ; ನಾನು ಇಳಿದು ಬಂದ ಮೇಲೆ ನೀನೇ ಕಡಿಸಿದೆಯಂತೆ. ನಮ್ಮ ಆ ಮರಗಳಿಗೆ ಕೊಡಲಿ ತಾಗಿಸುವುದಿಲ್ಲವೆಂದು, ಸಾಯುತ್ತಿದ್ದ ಅಮ್ಮನ ಕೈಮೇಲೆ ಕೈಯಿಟ್ಟವನು ನೀನಲ್ಲವೆ?

ಯಾವುದೋ ದೂರದ ಪರ್ವತಗಳಲ್ಲಿ ಹಿಮ ಕರಗಿ ಹಿಂದೆ ಸರಿಯುತ್ತಿದೆಯಂತೆ, ವಾಚನಾಲಯದಲ್ಲಿ ಓದಿದೆ. ಅದು ಯಾರ ಕೈವಾಡವೋ ಅರಿಯೆ. ನಮ್ಮ ಬೆಟ್ಟದ್ದು ಅರಿತೆ. ಹೀಗೇ ನಡೆದರೆ ನಿನ್ನ ಮೊಮ್ಮಕ್ಕಳು ಆ ಕೋಣೆಯಲ್ಲಿ ಬೀಸಣಿಗೆ ಹಿಡಿದು ಕೂರುತ್ತಾರೆ. ಇಲ್ಲಿ ಚಳಿಯಿತ್ತು ಎಂದರೆ ನಗುತ್ತಾರೆ.

ಪಕ್ಕದ ಮನೆಯ ಗಂಗುಲಮ್ಮ ಬೀದಿಯಲ್ಲೇ ಕೇಳಿದಳು, "ಏನೇ ಆದೀ, ನಿನ್ ತಮ್ಮನ ಬೆಟ್ಟಕ್ಕೂ ಜ್ವರ ಬಂತಾ?" ಒಳಗೆ ಹೋಗಿ ಹುಳು ಸಾಕುವ ಖಾಲಿ ತಟ್ಟೆಗಳನ್ನು ತೊಳೆದೆ. ಈ ಬೆಳೆ ಹೋಯಿತು. ಮರ ಹೋದರೆ ಕೋಣೆ ಇಷ್ಟು ಕಾಯುತ್ತದೆಂದು ನಿನಗೂ ತಿಳಿದಿರಲಿಕ್ಕಿಲ್ಲ ಎಂದುಕೊಂಡು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ.

ನಿನ್ನ ಅಕ್ಕ,
ಆದಿಲಕ್ಷ್ಮಮ್ಮ

ವಿ.ಸೂ.: ಕಾಗದ ಮಡಿಸುವಷ್ಟರಲ್ಲಿ ನಿನ್ನ ಹೆಂಡತಿ ಅಮ್ಮಾಜಮ್ಮ ಬಂದಳು. ತನ್ನ ಮರಿಹುಳುಗಳಲ್ಲಿ ಒಂದು ತಟ್ಟೆ ನನ್ನ ಮುಂದಿಟ್ಟು ಅತ್ತಳು. "ನಮ್ ಹಾಳೆ ಬಾವಿ ಮೆಟ್ಲ ಗೋಡೆ ಗೂಡಲ್ಲಿಡು, ಈ ಸಲ ಮರ ಕಡೀತಾರೆ, ಮೇಲೆ ಕಾವು ಜಾಸ್ತಿ ಅಂತ ಅವರೇ ಮೊದ್ಲೇ ಹೇಳಿದ್ರು ಅತ್ತಿಗೆ" ಅಂದಳು. ಅವಳನ್ನು ಬೈಯಬೇಡ. ಸಹಿಯ ಮೇಲಿನ ಆ ಕೊನೆಯ ಸಾಲನ್ನು ಮಾತ್ರ ನಿನ್ನ ಕೈಯಾರೆ ಹೊಡೆದುಹಾಕು.