ಬೆಳಗಿನ ರೀಡಿಂಗ್

ತಾರೀಖು ಹದಿನೇಳು, ಮಂಗಳವಾರ
ಮಧ್ಯಾಹ್ನ

ಊರೂರಿಗೆ ಕರೆಂಟ್ ಕಂಬ ನೆಡುವ ನನ್ನ ಯಜಮಾನರಿಗೆ,

ನಾವೆಲ್ಲ ಹೇಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯುವ ಅಭ್ಯಾಸ ನನ್ನದು. ಈ ಸಲ ಅದನ್ನು ಸ್ವಲ್ಪ ಮುಂದಕ್ಕೆ ಇಟ್ಟುಕೊಂಡಿದ್ದೇನೆ. ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ. ಶಾಲೆಯವರ ಯೂನಿಫಾರಂ ಹೊಲಿಗೆ ತಲೆಯ ಮೇಲೆ ಕೂತಿತ್ತು. ಬೆಳಿಗ್ಗೆ ನಿಮ್ಮ ಮೇಸ್ತ್ರಿಗೆ ಫೋನ್ ಮಾಡಿ, ಬೇಗ ಬರಲು ಹೇಳಿ ಎಂದಷ್ಟೇ ಹೇಳಿದೆ. ಹತ್ತು ಜನ ಕಿವಿಗೊಟ್ಟು ನಿಂತಿರುವಾಗ ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಈ ಕಾಗದ ತರುವ ಜಲ್ಲಿ ಲಾರಿಯನ್ನೇ ಹತ್ತಿ ಬನ್ನಿ, ದಾರಿಯಲ್ಲಿ ಓದಿ.

ಕಾಡಿಗೆ ಬೆಂಕಿ ಬಿದ್ದು ಇವತ್ತಿಗೆ ಹತ್ತು ದಿನ. ಬೆಂಕಿ ದೂರವೇ ಇದೆ, ಹೆದರಬೇಡಿ, ಆದರೆ ಹೊಗೆ ನಮ್ಮಲ್ಲೇ ಬಿಡಾರ ಹೂಡಿದೆ. ನಡುಮಧ್ಯಾಹ್ನವೂ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದು, ಅಷ್ಟು ಮಂಕು. ದಿನಕ್ಕೆ ಎರಡು ಸಲ ಏಣಿ ಹತ್ತಿ ಪ್ಯಾನಲ್‌ಗಳನ್ನು ಒರೆಸುತ್ತೇನೆ. ಕೆಳಗಿಳಿದು ಕೈ ತೊಳೆಯುವಷ್ಟರಲ್ಲಿ ಮತ್ತೆ ಬೂದಿ. ನಾಲ್ಕು ದಿನದಿಂದ ಒಂದು ಹಕ್ಕಿಯ ಸದ್ದೂ ಇಲ್ಲ.

ಕೊನೆಯ ಕಂಬದಿಂದ ನಮ್ಮ ಮನೆಗೆ ಇನ್ನೂ ಹನ್ನೊಂದು ಕಂಬ ಬೇಕು ಎಂದು ಇಲಾಖೆಯವರು ಕೈಚೆಲ್ಲಿದಾಗ ನೀವು ಹಟ ಹಿಡಿದು ಸೋಲಾರ್ ಹಾಕಿಸಿದಿರಿ. ನಿಮ್ಮ ಕಟ್ಟಳೆಯಲ್ಲಿ ನಾನು ಒಂದನ್ನೂ ತಪ್ಪಿಸಿಲ್ಲ. ಸಂಜೆ ಬ್ಯಾಟರಿಯ ಒಂದು ರೀಡಿಂಗ್, ಬೆಳಿಗ್ಗೆ ಒಂದು, ಎರಡೂ ಪುಸ್ತಕದಲ್ಲಿ ಬರೆಯಬೇಕು. ಬ್ಯಾಟರಿ ನೂರಕ್ಕೆ ನಲವತ್ತಕ್ಕಿಂತ ಕೆಳಗೆ ಇಳಿಯಕೂಡದು. ಹೊರಡುವ ದಿನ ಮಾವನ ಎದುರಿಗೇ ನೀವು ಹೇಳಿದ್ದು ನೆನಪಿದೆಯೇ? "ಇವು ಸತ್ರೆ ಮುಗೀತು. ಆ ಏರಿನಲ್ಲಿ ಇನ್ನೊಂದ್ಸಲ ಎಂಟು ಬ್ಯಾಟರಿ ಹೊತ್ತು ತರೋಕೆ ನನ್ನ ಬೆನ್ನಲ್ಲಿ ಶಕ್ತಿ ಇಲ್ಲ." ಮಾವ ತಲೆಯಾಡಿಸಿದ್ದರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಡೀಸೆಲ್ ಮುಳ್ಳಿನ ಮೇಲೆ ಅವರಿಗೆ ಯಾವಾಗಲೂ ಒಂದು ಕಣ್ಣು.

ಹೊಗೆ ಬರುವ ಮುಂಚೆ ಸಂಜೆ ತೊಂಬತ್ತೈದು ಇದ್ದರೆ ಬೆಳಿಗ್ಗೆ ಎಪ್ಪತ್ತು ಇರುತ್ತಿತ್ತು. ರಾತ್ರಿಯಿಡೀ ಓಡುವ ಮಾವನ ಆಕ್ಸಿಜನ್ ಮಿಷನ್ ಒಂದಕ್ಕೇ ಇಪ್ಪತ್ತು ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ ಕೊಟ್ಟಿದ್ದಿರಿ. ಹೊಗೆ ಬಂದ ಮೇಲೆ ಸಂಜೆಯ ರೀಡಿಂಗ್ ಅರವತ್ತೆರಡು ದಾಟಲಿಲ್ಲ. ಹೊಲಿಗೆ ಮಿಷನ್ ನಿಲ್ಲಿಸಿಬಿಡೋಣ ಎಂದುಕೊಂಡೆ. ಮಾವನೇ ಬಿಡಲಿಲ್ಲ.

"ನೀನು ಹೊಲಿಯಮ್ಮ. ಬೆಳಿಗ್ಗೆ ನೋಡು, ಎಷ್ಟಿದೆ ಅಂತ."

ಬೆಳಿಗ್ಗೆ ಐವತ್ತೆಂಟು ಇತ್ತು. ಮರುದಿನವೂ ಹೆಚ್ಚುಕಡಿಮೆ ಹಾಗೇ. ನಮ್ಮ ಮಗಳು ಚಿಕ್ಕಿಯಂತೂ, "ಅಪ್ಪನ ಬ್ಯಾಟರಿ ಅಂದ್ರೆ ಸುಮ್ನೇನಾ!" ಎಂದು ಕುಣಿದಳು. ಪರೀಕ್ಷೆಗೆ ದೀಪ ಹಾಕಿಕೊಂಡು ಹತ್ತರವರೆಗೂ ಓದಿದಳು. ನಾನು ಪುಸ್ತಕದಲ್ಲಿ ಬರೆದು ನಿಮ್ಮನ್ನು ಮನಸ್ಸಿನಲ್ಲೇ ಹೊಗಳಿಕೊಂಡೆ.

ಮಾವನ ತಮಾಷೆ ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ತಟ್ಟೆ ಮುಂದಿಟ್ಟುಕೊಂಡು ಹಾಗೇ ತೂಕಡಿಸುತ್ತಿದ್ದರು. ಕಾಲು ಬಾತುಕೊಂಡು ಚಪ್ಪಲಿಗೆ ಹಿಡಿಸದಾಯಿತು. ಒಂದು ದಿನ ಚಿಕ್ಕಿಯನ್ನು ನಿಮ್ಮ ಅಕ್ಕ ಎಂದು ತಿಳಿದು, "ಶಾಲೆಯಿಂದ ತಮ್ಮನ್ನ ಕರ್ಕೊಂಡು ಬಂದ್ಯಾ?" ಎಂದು ಕೇಳಿದರು. ಅವಳು ನಕ್ಕಳು. ನಾನು ಅವಳನ್ನು ಓದಲು ಕಳಿಸಿದೆ. ಕೇಳಿದರೆ, "ಹೊಗೆ ಕಣಮ್ಮ, ಎಂಥವರಿಗೂ ಹೀಗೇ" ಎನ್ನುತ್ತಿದ್ದರು.

ನಿನ್ನೆ ಮಧ್ಯಾಹ್ನ ನರ್ಸಮ್ಮ ಬಂದರು. ಹದಿನೈದು ದಿನಕ್ಕೊಮ್ಮೆ ಬಂದು ಮಾವನನ್ನು ನೋಡಿ ಹೋಗುತ್ತಾರಲ್ಲ, ಅವರೇ. ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಕ್ಸಿಜನ್ ನೋಡಿದರು. ಆಕ್ಸಿಜನ್ ಮಿಷನ್ ಹಿಂದೆ ಬಗ್ಗಿ ಏನನ್ನೋ ಓದಿದರು. ಅದು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಸಣ್ಣ ಮೀಟರು ಅಲ್ಲಿದೆಯಂತೆ. ಈ ಹದಿನೈದು ದಿನದಲ್ಲಿ ನೂರೈವತ್ತು ಗಂಟೆಯ ಮೇಲೆ ಓಡಿರಬೇಕಿತ್ತು. ಓಡಿದ್ದು ಎಪ್ಪತ್ತೆಂಟು.

"ಅಮ್ಮಾ, ರಾತ್ರಿ ಹೊತ್ತು ಇದನ್ನ ಯಾರು ಆಫ್ ಮಾಡ್ತಿರೋದು?"

ನನಗೆ ಗೊತ್ತಿಲ್ಲ ಎಂದೆ. ಮಾವ ಗೋಡೆ ಕಡೆ ತಿರುಗಿಕೊಂಡರು. "ನಾನೇ" ಎಂದರು. "ಬ್ಯಾಟರಿ ಸತ್ರೆ ಮನೆಯಿಡೀ ಕತ್ತಲೆ. ಮಗು ಓದ್ಬೇಕು, ಇವಳು ಹೊಲೀಬೇಕು. ನಾನು ಮಲಗೋದು ತಾನೆ? ಮಲಗಿರೋ ಬಸ್ಸಿಗೆ ಯಾಕೆ ಡೀಸೆಲ್ಲು?"

ನರ್ಸಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು. ಆಕ್ಸಿಜನ್ ಸಾಲದೆ ಹೃದಯದ ಮೇಲೆ ಭಾರ ಬಿದ್ದಿದೆಯಂತೆ. ಒಂದು ಗಳಿಗೆಯೂ ಮಿಷನ್ ನಿಲ್ಲಬಾರದು. ಹೊಗೆಗೆ ಸಿಕ್ಕವರನ್ನು ಸಾಗಿಸಿ ಸಾಗಿಸಿ ಆಸ್ಪತ್ರೆಯ ವ್ಯಾನ್‌ಗೆ ಬಿಡುವಿಲ್ಲ, ಬುಧವಾರ ಬೆಳಿಗ್ಗೆಯೇ ಬರುವುದಂತೆ. "ನಿಮ್ಮ ಯಜಮಾನ್ರನ್ನ ಕರೆಸಿಬಿಡಿ, ತಡ ಮಾಡ್ಬೇಡಿ" ಎಂದರು. ಆ ಮಾತಿನ ಅರ್ಥ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಿನ್ನೆಯಿಂದ ಮಿಷನ್ ನಿಂತಿಲ್ಲ. ಫ್ರಿಜ್ಜು, ದೀಪ, ಹೊಲಿಗೆ ಎಲ್ಲ ಬಂದ್. ಈಗ ನಾಲ್ಕು ಗಂಟೆ, ರೀಡಿಂಗ್ ನಲವತ್ತೊಂಬತ್ತು, ಹೊರಗೆ ಆಗಲೇ ಸಂಜೆಯ ಹಾಗಿದೆ. ನಲವತ್ತಕ್ಕೆ ಇಳಿದಾಗ ನಿಮ್ಮ ಇನ್ವರ್ಟರ್ ಪೆಟ್ಟಿಗೆ ಕಿರುಚಿಕೊಳ್ಳುತ್ತದೆ. ಕಿರುಚಿಕೊಳ್ಳಲಿ. ಬ್ಯಾಟರಿ ಸಾಯುವುದಾದರೆ ಸಾಯಲಿ, ಬಂದು ನನ್ನನ್ನು ಬೈಯಿರಿ. ಕರೆಂಟ್ ಪೂರ್ತಿ ನಿಲ್ಲುವುದು ಇಪ್ಪತ್ತಕ್ಕೆ ಎಂದು ನೀವು ಹೇಳಿದ್ದಿರಿ. ಬೆಳಗಿನವರೆಗೆ ಬಂದೀತು. ಬರಬೇಕು.

ಮಾವನಿಗೆ ಕಾಗದ ಬರೆಯುತ್ತಿದ್ದೇನೆ ಎಂದೆ. ನಿಮಗೆ ಆಶೀರ್ವಾದ ಹೇಳಿದ್ದಾರೆ, ಕಂಬ ಹತ್ತುವಾಗ ಬೆಲ್ಟ್ ಬಿಗಿಯಬೇಕಂತೆ. ಚಿಕ್ಕಿ ತಾತನ ಕೈ ಹಿಡಿದು ಕೂತಿದ್ದಾಳೆ, ಎದ್ದು ಬರುತ್ತಿಲ್ಲ. ಜೋಪಾನವಾಗಿ ಬನ್ನಿ.

ನಿಮ್ಮವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನನಗೆ ಗೊತ್ತಿಲ್ಲ ಎಂದು ನರ್ಸಮ್ಮನಿಗೆ ಹೇಳಿದೆನಲ್ಲ, ಅದು ಸುಳ್ಳು. ಹೊಗೆ ಬಂದ ಮೂರನೇ ದಿನ ಬೆಳಗಿನ ರೀಡಿಂಗ್ ನೋಡಿ ಅನುಮಾನವಾಗಿ ಮಾವನ ಕೋಣೆಗೆ ಹೋದೆ. ನಳಿಕೆ ಮೂಗಿನಲ್ಲೇ ಇತ್ತು, ಮಿಷನ್ ಓಡುತ್ತಿತ್ತು. ಅದರ ಮೇಲೆ ಕೈ ಇಟ್ಟು ನೋಡಿದೆ. ರಾತ್ರಿಯಿಡೀ ಓಡಿದ್ದರೆ ಬಿಸಿಯಾಗಿರಬೇಕಿತ್ತು. ತಣ್ಣಗಿತ್ತು. ನನ್ನ ಹೆಜ್ಜೆ ಸದ್ದು ಕೇಳಿ ಆಗಷ್ಟೇ ಹಾಕಿದ್ದರು. ಮಾವ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ನಾನು ಹೊರಗೆ ಬಂದು ಹೊಲಿಗೆ ಮಿಷನ್ನಿನ ಸ್ವಿಚ್ ಹಾಕಿದೆ. ಆ ದಿನ ಏಳು ಜೊತೆ ಯೂನಿಫಾರಂ ಮುಗಿಯಿತು.