ಕರೆಂಟಿನ ಜರಡಿ

ಕಡೂರು
೧೪-೨-೧೯೬೩

ಪ್ರೀತಿಯ ತಮ್ಮ ಈರಪ್ಪನಿಗೆ ನಿನ್ನ ಅಣ್ಣ ಕಲ್ಲಪ್ಪನ ಆಶೀರ್ವಾದ.

ಎಲ್ಲಿದ್ದೀಯೋ, ಹೇಗಿದ್ದೀಯೋ? ಮಂಡಿನೋವು ಕಡಿಮೆಯಾಯಿತೇ? ಆ ಚಳಿಯಲ್ಲಿ ಹೊದೆಯಲು ಏನಾದರೂ ಇದೆಯೇ? ಕಾಗದದಲ್ಲಿ ಮೊದಲು ಇದನ್ನು ಕೇಳುವುದು ರೂಢಿ, ಕೇಳುತ್ತಿದ್ದೇನೆ. ಯುದ್ಧದಲ್ಲಿ ನೀನು ಕಾಣೆಯಾಗಿದ್ದೀಯೆಂದು ಸೈನ್ಯದಿಂದ ತಂತಿ ಬಂದು ಮೂರು ತಿಂಗಳಾಯಿತು. ನಿನ್ನ ಪಟಾಲಮ್ಮಿನ ವಿಳಾಸಕ್ಕೆ ಬರೆದ ಎರಡು ಕಾಗದ ಒಡೆಯದೆ ವಾಪಸಾದವು. ಇದೂ ಬಂದೀತು. ಬಂದರೆ ಬರಲಿ, ಈ ಸಂಕಟ ಹೇಳಿಕೊಳ್ಳಲು ನನಗೆ ಇನ್ನು ಯಾರಿದ್ದಾರೆ? ಅಮ್ಮನಿಗೆ ಹೇಳುವ ಹಾಗಿಲ್ಲ.

ಸೆರೆಸಿಕ್ಕ ನಮ್ಮ ಸಿಪಾಯಿಗಳ ಹೆಸರನ್ನು ಗಡಿಯಾಚೆಯ ಸ್ಟೇಷನ್ನಿನಲ್ಲಿ ಇಂಗ್ಲಿಷಿನಲ್ಲಿ ಓದುತ್ತಾರೆ. ಅದು ಗೊತ್ತಾದಾಗಿನಿಂದ ಅಮ್ಮ ಸಂಜೆ ಆರಕ್ಕೆ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಪಕ್ಕದಲ್ಲಿ ಅಂಜಿನಪ್ಪನ ಹಿಟ್ಟಿನ ಗಿರಣಿ, ನಿನಗೆ ಗೊತ್ತಲ್ಲ. ಅದರ ಮೋಟಾರು ಕಿಡಿ ಹಾರಿಸಿದಾಗಲೆಲ್ಲ ಅದರ ಸದ್ದು ಕರೆಂಟ್ ಲೈನಿನ ಮೂಲಕ ಬಂದು ನಮ್ಮ ರೇಡಿಯೋದಲ್ಲಿ ಬರೀ ಗೊರಗೊರ. ಹೋದ ವಾರ ಆ ಗೊರಗೊರದ ನಡುವೆ ‘...ರಪ್ಪ, ...ಊರ್’ ಎಂದು ಕೇಳಿಸಿತು. ಅಮ್ಮ ಎದ್ದು ನಿಂತುಬಿಟ್ಟಳು. ‘ಈರಪ್ಪ, ಕಡೂರು! ನನ್ ಮಗ ಬದುಕವ್ನೆ ಕಣೋ ಕಲ್ಲಪ್ಪಾ!’ ಬೀದಿಗೆಲ್ಲ ಬೆಲ್ಲ ಹಂಚಿದಳು. ಮೂರು ತಿಂಗಳಿಂದ ತುತ್ತು ಸರಿಯಾಗಿ ನುಂಗದವಳು ಅವತ್ತು ಎರಡು ಮುದ್ದೆ ಉಂಡಳು. ನಾನೂ ನಂಬಿದೆ, ಕಣ್ಣೊರೆಸಿಕೊಂಡೆ.

ಅಷ್ಟಕ್ಕೇ ಬಿಡಬಾರದಾಗಿತ್ತೇ ನಾನು? ಅದೇ ಪಟ್ಟಿಯನ್ನು ಮಂಗಳವಾರ ಮತ್ತೆ ಓದುತ್ತಾರೆಂದು ತಿಳಿಯಿತು. ಅಮ್ಮ ನಿನ್ನ ಹೆಸರನ್ನು ಪೂರ್ತಿ ಕೇಳಲಿ ಅನ್ನಿಸಿತು. ಅರ್ಧ ಗಂಟೆ ಗಿರಣಿ ನಿಲ್ಲಿಸಪ್ಪಾ ಎಂದರೆ ಅಂಜಿನಪ್ಪ ನಿಲ್ಲಿಸುತ್ತಿದ್ದ. ಆದರೆ ರಿಪೇರಿಯವನ ಜಂಬ ನೋಡು, ಕೇಳಲಿಲ್ಲ. ನೀನು ರಜೆಗೆ ಬಂದಾಗ ಹೇಳಿಕೊಟ್ಟಿದ್ದೆಯಲ್ಲ, ‘ಚೋಕ್ ಅಂದ್ರೆ ಕರೆಂಟಿಗೆ ಜರಡಿ ಇದ್ದಂಗೆ ಕಣಣ್ಣಾ’ ಅಂತ, ಅದು ನೆನಪಾಯಿತು. ಅಮ್ಮನ ಮುರಿದ ಲಟ್ಟಣಿಗೆಯ ಎರಡು ತುಂಡಿಗೆ ಎನಾಮಲ್ ತಂತಿಯನ್ನು ಒತ್ತೊತ್ತಾಗಿ ಸುತ್ತಿದೆ. ಲೈನಿನ ಎರಡು ತಂತಿಗೂ ಒಂದೊಂದು ಸೇರಿಸಿ, ನಡುವೆ ಕಂಡೆನ್ಸರ್ ಹಾಕಿದೆ. ನಿಧಾನವಾಗಿ ಏರಿಳಿಯುವ ಮನೆ ಕರೆಂಟಿಗೆ ಆ ಸುರುಳಿ ದಾರಿ ಬಿಡುತ್ತದೆ. ಕಿಡಿಯಿಂದ ಹುಟ್ಟಿ ಚಡಪಡಿಸುವ ಕರೆಂಟನ್ನು ಅಡ್ಡಗಟ್ಟುತ್ತದೆ. ನುಸುಳಿದ್ದನ್ನು ಕಂಡೆನ್ಸರ್ ರೇಡಿಯೋದೊಳಗೆ ಹೋಗಗೊಡದೆ ಹಿಂದಕ್ಕೆ ಕಳಿಸುತ್ತದೆ. ನಾನು ಸುತ್ತುವಷ್ಟು ಹೊತ್ತೂ ಅಮ್ಮ ತಂತಿಯ ಉಂಡೆ ಹಿಡಿದುಕೊಂಡು ಕೂತಿದ್ದಳು, ನಿನ್ನ ಚಿಕ್ಕಂದಿನ ತಂಟೆಗಳನ್ನೆಲ್ಲ ಹೇಳಿ ನಗುತ್ತಿದ್ದಳು.

ಮಂಗಳವಾರ ಗಿರಣಿ ನಡೆಯುತ್ತಲೇ ಇತ್ತು. ರೇಡಿಯೋದವನು ಮಾತ್ರ ಎದುರಿಗೆ ಕೂತು ಓದಿದ ಹಾಗಿತ್ತು. ಒಂದು ಕ್ಷಣ ನನ್ನ ಕೆಲಸಕ್ಕೆ ನಾನೇ ಹಿಗ್ಗಿದೆ, ನೆನೆದರೆ ಈಗ ನಾಚಿಕೆಯಾಗುತ್ತದೆ. ಹೋದ ವಾರದ ಅದೇ ಜಾಗಕ್ಕೆ ಬಂದಾಗ ‘ಕರುಪ್ಪ, ಮೆಟ್ಟೂರ್’ ಎಂದು ಓದಿದ. ಅದು ನೀನಲ್ಲವೆಂದು ಇಂಗ್ಲಿಷ್ ಬಾರದ ಅಮ್ಮನಿಗೂ ತಿಳಿಯಿತು. ಯಾರೋ ತಮಿಳು ತಾಯಿಯ ಮಗ, ಅವಳಿಗಾದರೂ ಒಳ್ಳೆಯದಾಗಲಿ. ಪಟ್ಟಿ ಮುಗಿಯುವವರೆಗೂ ಕೂತೆವು. ನಿನ್ನ ಹೆಸರು ಇರಲಿಲ್ಲ. ಅಮ್ಮ ಎದ್ದು ಮನೆಗೆ ಹೋದಳು. ಅವತ್ತಿನಿಂದ ತಟ್ಟೆಯ ಮುಂದೆ ಕೂರುತ್ತಾಳೆ, ಹಾಗೇ ಏಳುತ್ತಾಳೆ. ನನ್ನ ಕೈಯಾರೆ ನಿನ್ನನ್ನು ಎರಡನೆಯ ಸಲ ಕಳೆದೆ ಕಣೋ ತಮ್ಮಾ. ನನಗಿನ್ನು ಯಾವ ಆಸೆಯೂ ಉಳಿದಿಲ್ಲ.

ನೀನೆಲ್ಲಿದ್ದರೂ ಅಮ್ಮನ ಹರಕೆ ನಿನ್ನ ತಲೆ ಕಾಯಲಿ.

ಇಂತಿ ನಿನ್ನ ಅಣ್ಣ,
ಕಲ್ಲಪ್ಪ

ವಿ.ಸೂ.: ಟಪಾಲಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ಅಮ್ಮ ಈಗಷ್ಟೇ ಬಂದಳು. ‘ಆ ಜರಡಿ ಕಿತ್ತಾಕು. ಜರಡೀಲಿ ಉಳ್ಕೊಂಡೋನೇ ನನ್ ಮಗ ಕಣೋ’ ಅಂದಳು. ಕಿತ್ತೆ. ಸುದ್ದಿ ತಿಳಿದ ಅಂಜಿನಪ್ಪ ಮರ್ಯಾದೆಗೆಂದು ನಿನ್ನೆಯಿಂದ ಸಂಜೆ ಗಿರಣಿ ನಿಲ್ಲಿಸಿದ್ದಾನೆ, ಗೊರಗೊರವೂ ಇಲ್ಲ. ಅಮ್ಮ ಒಂದು ಸೇರು ರಾಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಆರು ಗಂಟೆಗೇ ಬೀಸಿಕೊಡು ಎಂದು ಅವನ ಬಾಗಿಲಲ್ಲಿ ನಿಂತಿದ್ದಾಳೆ.